ನಾಲ್ಕು ತಾಲೂಕಿಗೆ ಒಂದೇ ಡಿಸ್ಕು

ಹೊಸ ಡಿಸ್ಕು ತಿರುಗುತ್ತಿತ್ತು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ಅದರ ನಡುಕ ಮೊಳಕೈವರೆಗೂ ತಿಳಿಯುತ್ತಿತ್ತು. ಆದರೆ ಕಂಪ್ಯೂಟರಿಗೆ ಮಾತ್ರ ಅದು ಕಾಣುತ್ತಲೇ ಇರಲಿಲ್ಲ.

"ತಿರಗಾಕತ್ತೈತಲ್ರಿ ಮೇಡಮ್ಮಾರ. ಮತ್ಯಾಕ ಕಾಣವಲ್ದು?" ಎಂದು ವ್ಯವಸ್ಥಾಪಕರು ನನ್ನ ಬೆನ್ನ ಹಿಂದೆಯೇ ನಿಂತು ಕೇಳಿದರು. ಅವರು ಅಲ್ಲಿ ನಿಂತು ಬಹಳ ಹೊತ್ತಾಗಿತ್ತು.

"ತಿರಗೂದು ಬ್ಯಾರೆ, ಕಾಣೂದು ಬ್ಯಾರೆ ರಿ," ಎಂದೆ. ಹೇಳಿದ್ದು ನಿಜವೇ. ಆದರೆ ಯಾಕೆ ಕಾಣುತ್ತಿಲ್ಲ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮೇ ತಿಂಗಳು. ಹಿರೇಕೆರೂರಿನ ಬೀಜೋತ್ಪಾದಕರ ಸಹಕಾರಿ ಸಂಘವೊಂದಕ್ಕೆ ಹುಬ್ಬಳ್ಳಿಯ ನಮ್ಮ ಸಂಸ್ಥೆ ಕಂಪ್ಯೂಟರ್ ಮಾರಿತ್ತು. ಅದರ ಉಸ್ತುವಾರಿಗೆ ಬರುತ್ತಿದ್ದ ಎಂಜಿನಿಯರ್ ನಾನು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ರೈತರು ಬೆಳೆದ ಹತ್ತಿ ಬೀಜ, ಗೋವಿನಜೋಳದ ಬೀಜ ಆ ಸಂಘದ ಗೋದಾಮಿಗೆ ಬರುತ್ತಿತ್ತು. ಒಬ್ಬ ರೈತನಿಂದ ಒಮ್ಮೆ ಬಂದ ಬೀಜಕ್ಕೆ ಒಂದು ಲಾಟ್ ನಂಬರು. ಪ್ರತಿ ಲಾಟಿನಿಂದ ನೂರು ಕಾಳು ತೆಗೆದು, ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಎಷ್ಟು ಮೊಳಕೆ ಒಡೆಯಿತೆಂದು ಸಂಘದ ಬೀಜ ಪರೀಕ್ಷಕರು ಎಣಿಸುತ್ತಿದ್ದರು. ಆ ಫಲಿತಾಂಶವನ್ನು ಕಂಪ್ಯೂಟರಿಗೆ ಹೊಡೆದರೆ ಚೀಟಿ ಅಚ್ಚಾಗಿ ಬರುತ್ತಿತ್ತು. ಚೀಟಿಯನ್ನು ಚೀಲದ ಬಾಯಿಗೆ ಸೇರಿಸಿ ಹೊಲಿದರೆ ಬೀಜ ಬಿತ್ತನೆಗೆ ಸಿದ್ಧ. ಫೇಲಾದ ಲಾಟಿಗೆ ಚೀಟಿ ಬರುವುದಿಲ್ಲ, ಆ ಚೀಲ ಗೋದಾಮು ಬಿಡುವುದಿಲ್ಲ. ಆ ಬೀಜ ಕೊಂಡು ಬಿತ್ತುವ ರೈತನ ಕೈಯಲ್ಲಿ ಇದ್ದ ಭರವಸೆ ಆ ಚೀಟಿ ಒಂದೇ.

ತಾಲೂಕಿಗೊಂದು ಮೇಜು, ಮೇಜಿಗೊಂದು ಪರದೆ ಮತ್ತು ಕೀಲಿಮಣೆ, ಒಬ್ಬೊಬ್ಬರು ಟೈಪಿಸ್ಟರು. ಆ ಪರದೆಗಳ ಒಳಗೆ ಕಂಪ್ಯೂಟರ್ ಇರಲಿಲ್ಲ. ಮೂಲೆಯಲ್ಲಿದ್ದ ಒಂದೇ ಯಂತ್ರಕ್ಕೆ ನಾಲ್ಕೂ ತಂತಿ ಎಳೆದಿದ್ದೆವು. ಅದರಲ್ಲಿನ ಮೂಲ ಸಾಫ್ಟ್‌ವೇರ್ ಆ ಒಂದು ಯಂತ್ರವನ್ನೇ ನಾಲ್ಕು ಯಂತ್ರಗಳೆಂಬಂತೆ ನಡೆಸುತ್ತಿತ್ತು. ಹಾನಗಲ್ಲಿನ ಮೇಜಿನವರಿಗೆ ಇಡೀ ಕಂಪ್ಯೂಟರ್ ತಮ್ಮದೇ, ಪಕ್ಕದ ಸವಣೂರಿನವರಿಗೂ ತಮ್ಮದೇ. ನಾವು ಇವನ್ನು ವರ್ಚುವಲ್ ಮಶೀನು ಎನ್ನುತ್ತಿದ್ದೆವು. ವ್ಯವಸ್ಥಾಪಕರು "ಇಲ್ಲದ ಕಂಪ್ಯೂಟರು" ಎನ್ನುತ್ತಿದ್ದರು. ನನಗೆ ಅವರ ಹೆಸರೇ ಹೆಚ್ಚು ಸರಿ ಅನ್ನಿಸುತ್ತಿತ್ತು.

ಹಳೆಯ ಡಿಸ್ಕು ನಲವತ್ತು ಮೆಗಾಬೈಟಿನದು, ತುಂಬಿಹೋಗಿತ್ತು. ಹೊಸದು ಮುನ್ನೂರರದು. ಮುಂಬಯಿಯಿಂದ ಬಂದಿತ್ತು. ಎರಡು ಇಟ್ಟಿಗೆ ಜೋಡಿಸಿದಷ್ಟು ದಪ್ಪ, ಅಷ್ಟೇ ಭಾರ. ನಾಲ್ಕೂ ತಾಲೂಕಿನವರು ಅದೊಂದೇ ಡಿಸ್ಕನ್ನು ಬಳಸಬೇಕು, ಯಾವ ಮೇಜಿನಲ್ಲಿ ಕುಳಿತರೂ ಎಲ್ಲ ತಾಲೂಕಿನ ಬೀಜದ ಲೆಕ್ಕ ಕಾಣಬೇಕು. ಒಪ್ಪಂದ ಆಗಿದ್ದು ಹಾಗೆ.

ಕಾಣದಿರುವ ಕಾರಣ ಮರುದಿನ ತಿಳಿಯಿತು. ಡಿಸ್ಕಿನ ತಟ್ಟೆಗಳ ಮೇಲೆ ಬಳೆಯೊಳಗೆ ಬಳೆ ಇಟ್ಟ ಹಾಗೆ ಸುತ್ತುಗಳಿರುತ್ತವೆ. ನಮ್ಮ ಮೂಲ ಸಾಫ್ಟ್‌ವೇರಿಗೆ ಸಾವಿರದ ಇಪ್ಪತ್ನಾಲ್ಕು ಸುತ್ತಿನಿಂದಾಚೆ ಎಣಿಸಲು ಬರುತ್ತಿರಲಿಲ್ಲ. ಹೊಸ ಡಿಸ್ಕಿನಲ್ಲಿ ಅದಕ್ಕಿಂತ ಹೆಚ್ಚು ಸುತ್ತುಗಳಿದ್ದವು. ಹೆಚ್ಚಿನದನ್ನು ಬಿಟ್ಟು ಉಳಿದದ್ದನ್ನಾದರೂ ಅದು ತೋರಿಸಬಹುದಿತ್ತು. ಹಾಗೆ ಮಾಡದೆ ಡಿಸ್ಕೇ ಇಲ್ಲ ಎಂದುಬಿಡುತ್ತಿತ್ತು.

ವ್ಯವಸ್ಥಾಪಕರ ಕೋಣೆಯ ಫೋನಿನಿಂದ ಟ್ರಂಕ್ ಕಾಲ್ ಹಚ್ಚಿ ಹುಬ್ಬಳ್ಳಿಯ ನಮ್ಮ ಮುಖ್ಯಸ್ಥರಿಗೆ ವಿಷಯ ತಿಳಿಸಿದೆ. ಡಿಸ್ಕಿನ ಜೊತೆ ಒಂದು ಫ್ಲಾಪಿ ಬಂದಿತ್ತು. ಅದರಲ್ಲಿದ್ದ ಪುಟ್ಟ ಪ್ರೋಗ್ರಾಮಿಗೆ ಎಷ್ಟು ಸುತ್ತುಗಳನ್ನಾದರೂ ಎಣಿಸಲು ಬರುತ್ತಿತ್ತು. ಆದರೆ ಅದು ಮೂಲ ಸಾಫ್ಟ್‌ವೇರಿನೊಳಗೆ ಕೂರುವುದಿಲ್ಲ, ಒಂದೊಂದು ವರ್ಚುವಲ್ ಮಶೀನಿನ ಒಳಗೆ ಮಾತ್ರ ಕೂರುತ್ತದೆ.

"ಹಂಗಾರ ನಾಲ್ಕರಾಗೂ ಬ್ಯಾರೆ ಬ್ಯಾರೆ ಹಾಕು," ಎಂದರು ಮುಖ್ಯಸ್ಥರು. "ಕೈಪಿಡಿಯೊಳಗೂ ಹಂಗ ಬರದದ."

ಬರೆದಿತ್ತು, ನಾನೂ ಓದಿದ್ದೆ. ಆದರೆ ಆ ಕೈಪಿಡಿ ಬರೆದವರ ಮುಂದೆ ಇದ್ದದ್ದು ಒಬ್ಬರು ಕೂರುವ ಒಂದು ಕಂಪ್ಯೂಟರು. ಇಲ್ಲಿ ಇದ್ದದ್ದು ಇಲ್ಲದ ನಾಲ್ಕು.

ಡಿಸ್ಕನ್ನು ಮೊದಲು ಹಸನು ಮಾಡಬೇಕಿತ್ತು. ಅದರ ಮೈಮೇಲೆ ಅಂಟಿಸಿದ ಕಾಗದದಲ್ಲಿ ಕಾರ್ಖಾನೆಯವರು ಕೆಟ್ಟ ಜಾಗಗಳ ಸಂಖ್ಯೆಗಳನ್ನು ಬರೆದಿರುತ್ತಾರೆ. ಅವನ್ನೆಲ್ಲ ಕೈಯಿಂದ ಹೊಡೆದು, ಇಲ್ಲಿ ಏನೂ ಬರೆಯಬೇಡ ಎಂದು ಯಂತ್ರಕ್ಕೆ ಹೇಳಬೇಕು. ಆಮೇಲೆ ಇಡೀ ಡಿಸ್ಕಿನ ಮೇಲೆ ಹೊಸದಾಗಿ ಗೆರೆ ಹೊಡೆಯುವ ಕೆಲಸ ತಾಸುಗಟ್ಟಲೆ ನಡೆಯುತ್ತದೆ, ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಎರಡು ಸಲ ಹೋಯಿತು. ಮೂರನೆಯ ಸಲ ವ್ಯವಸ್ಥಾಪಕರು ಬೀಜ ಹಸನು ಮಾಡುವ ಯಂತ್ರವನ್ನೇ ನಿಲ್ಲಿಸಿ, ಅದರ ಡೀಸೆಲ್ ಜನರೇಟರನ್ನು ನನಗೆ ಬಿಟ್ಟುಕೊಟ್ಟರು. ಅಂಗಳದಲ್ಲಿ ಅದು ಗುಡುಗುಡು ಎನ್ನುತ್ತಿದ್ದಷ್ಟು ಹೊತ್ತೂ ಕೆಲಸವಿಲ್ಲದೆ ಕುಳಿತ ಹಮಾಲರು ನನ್ನ ಕಿಟಕಿಯತ್ತಲೇ ನೋಡುತ್ತಿದ್ದರು.

ಕೊನೆಗೆ ಡಿಸ್ಕು ಕಾಣಿಸಿತು. ಮೊದಲು ಹಾನಗಲ್ಲಿನ ಪರದೆಯಲ್ಲಿ, ಆಮೇಲೆ ಶಿಗ್ಗಾಂವಿ, ಸವಣೂರು, ಕಡೆಗೆ ಹಿರೇಕೆರೂರಿನದರಲ್ಲಿ. ವ್ಯವಸ್ಥಾಪಕರು ಎಲ್ಲರಿಗೂ ಮಿರ್ಚಿ ಭಜಿ, ಚಹಾ ತರಿಸಿದರು. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಇಳಿಸಿದೆ. ಹಳೆಯದನ್ನು ಅಳಿಸಲು ಅವಸರವೇನೂ ಇರಲಿಲ್ಲ, ಹಾಗೇ ಬಿಟ್ಟೆ.

ಬೀಜ ಸಾಗಿಸುವ ಕೆಲಸ ಮುಗಿಯುವವರೆಗೆ ಇಲ್ಲೇ ಇರಬೇಕೆಂದು ವ್ಯವಸ್ಥಾಪಕರು ಪಟ್ಟು ಹಿಡಿದರು. ನಾನು ಉಳಿದುಕೊಂಡದ್ದು ಹಾನಗಲ್ಲ ಮೇಜಿನ ಟೈಪಿಸ್ಟರ ಬಾಡಿಗೆ ಮನೆಯಲ್ಲಿ. ಅವರು ತಿಳವಳ್ಳಿಯವರು, ನಲವತ್ತರ ಹತ್ತಿರದವರು. ನಾನು ಅಕ್ಕಾ ಎನ್ನುತ್ತಿದ್ದೆ. ಬೇರೆ ಕಡೆ ಹಲವು ವರ್ಷ ಟೈಪ್‌ರೈಟರ್ ಮೇಲೆ ದುಡಿದು ಇಲ್ಲಿಗೆ ಬಂದಿದ್ದರು. ಸಂಘದಲ್ಲಿ ಇನ್ನೂ ಕಾಯಂ ಆಗಿರಲಿಲ್ಲ, ಆ ಮಳೆಗಾಲದ ಸಭೆಯಲ್ಲಿ ಆಗುವುದಿತ್ತು.

ನಾಲ್ಕೂ ಮೇಜುಗಳಲ್ಲಿ ಕೆಲಸ ಭರದಿಂದ ಸಾಗಿತು. ಪ್ರಿಂಟರ್ ಚೀಟಿ ಉಗುಳುತ್ತಲೇ ಇತ್ತು. ಅಷ್ಟರಲ್ಲಿ ಮಾಸೂರಿನ ಕಡೆ ರೋಹಿಣಿ ಮಳೆ ಚೆನ್ನಾಗಿ ಹಿಡಿಯಿತೆಂಬ ಸುದ್ದಿ ಬಂತು. ಮರುದಿನವೇ ಹಂಸಭಾವಿ, ಹಾನಗಲ್ಲ ಕಡೆಗೂ ಮಳೆ ಬಂತು. ಬೆಳಗಾಗುವುದರೊಳಗೆ ಗೋದಾಮಿನ ಮುಂದೆ ಬೀಜ ಒಯ್ಯಲು ಬಂದ ರೈತರ ಚಕ್ಕಡಿಗಳು ಸಾಲುಗಟ್ಟಿದ್ದವು. ಹಾನಗಲ್ಲ ತಾಲೂಕಿನ ಚೀಲಗಳನ್ನು ಹೇರಿಕೊಂಡು ಮೊದಲ ಲಾರಿ ತಿಳವಳ್ಳಿಯಲ್ಲಿದ್ದ ಸಂಘದ ಮಳಿಗೆಗೆ ಹೊರಟಿತು.

ಅದು ಹೋಗಿ ಸ್ವಲ್ಪ ಹೊತ್ತಿಗೆ ಬೀಜ ಪರೀಕ್ಷಕರು ಒಂದು ಚೀಟಿಯನ್ನು ಹಿಡಿದುಕೊಂಡು ಒಳಗೆ ಬಂದರು. ಎಂದೂ ದನಿ ಏರಿಸದ ಮನುಷ್ಯ.

"ಈ ಚೀಟಿ ಯಾರು ಹೊಡದಾರ?"

ಅಕ್ಕ ಎದ್ದು ನಿಂತರು. "ಹಾನಗಲ್ಲಿಂದು ನಾನ ಹೊಡೀತೇನ್ರಿ. ಯಾಕ್ರಿ?"

"ಈ ಲಾಟ್ ನಾ ಫೇಲ್ ಮಾಡೇನಿ. ನೂರು ಕಾಳಿನಾಗ ಅರ್ಧಾನೂ ಮೊಳಕಿ ಒಡದಿಲ್ಲ, ಒಡದವೂ ಕೊಳತು ಹೋಗ್ಯಾವು. ಇಲ್ಲೆ ನೋಡಿದ್ರ ಪಾಸ್ ಅಂತ ಬಂದೈತಿ. ಹೊಲಿಯಾಕ ಕುಂತಾವರ ಕೈಯಾಗ ಇದು ನನಗ ಸಿಕ್ತು."

"ನಾ ಫೇಲ್ ಅಂತನ ಹೊಡದೇನ್ರಿ."

"ಹಂಗಾರ ಇದೇನು?"

ವ್ಯವಸ್ಥಾಪಕರೂ ಬಂದರು. ಚೀಟಿ ನೋಡಿದರು, ಅಕ್ಕನ ಮುಖ ನೋಡಿದರು. "ನೀವು ಖರೇನ ಹೊಡದಿದ್ರ, ಮಶೀನ್ ಸುಳ್ಳ ಹೇಳತೈತೇನ್ರಿ?"

ಅಕ್ಕ ಸೆರಗಿನ ತುದಿಯನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದರು. ಉಳಿದ ಮೂರು ಮೇಜಿನವರು ಕೀಲಿಮಣೆಯಿಂದ ಕೈ ತೆಗೆದಿದ್ದರು.

"ಒಂದೀಟು ತಡೀರಿ," ಎಂದೆ ನಾನು. "ಯಾರೂ ಏನೂ ಮುಟ್ಟಬ್ಯಾಡ್ರಿ."

ಟೈಪಿಸ್ಟರು ತಪ್ಪು ಹೊಡೆಯುವುದುಂಟು. ಅಂಥದ್ದು ಒಂದಂಕಿ ಆಚೀಚೆ ಆಗಿರುತ್ತದೆ. ಆದರೆ ಆ ಚೀಟಿಯಲ್ಲಿ ತೇವಾಂಶ, ಮೊಳಕೆ, ಶುದ್ಧತೆ ಮೂರೂ ಬೇರೆಯಾಗಿದ್ದವು, ಮೂರೂ ಒಂದಕ್ಕೊಂದು ಹೊಂದುವಂತಿದ್ದವು. ಯಾವುದೋ ಇನ್ನೊಂದು ಲಾಟಿನ ಇಡೀ ಸಾಲು ಬಂದು ಇಲ್ಲಿ ಕೂತಂತಿತ್ತು. ಹುಡುಕಿದೆ. ಸಿಕ್ಕಿತು. ಅದು ಶಿಗ್ಗಾಂವಿಯ ಒಂದು ಲಾಟಿನ ಫಲಿತಾಂಶ.

ಹಾನಗಲ್ಲಿನ ಮೇಜಿನಲ್ಲಿ ಕುಳಿತು ಒಂದು ಸಣ್ಣ ಫೈಲ್ ಮಾಡಿ, ಅದರಲ್ಲಿ ನನ್ನ ಊರು ಸವಣೂರಿನ ಹೆಸರು ಬರೆದು ಹೊಸ ಡಿಸ್ಕಿಗೆ ಹಾಕಿದೆ. ಎದ್ದು ಶಿಗ್ಗಾಂವಿಯ ಮೇಜಿಗೆ ಹೋಗಿ ಅದೇ ಡಿಸ್ಕಿನಲ್ಲಿ ಏನೇನಿದೆ ಎಂದು ಕೇಳಿದೆ. ನನ್ನ ಫೈಲ್ ಇರಲಿಲ್ಲ. ಅಲ್ಲಿಂದ ಬೇರೊಂದು ಫೈಲ್ ಬರೆದೆ. ಮತ್ತೆ ಹಾನಗಲ್ಲಿನ ಮೇಜಿಗೆ ಬಂದು ಮೊದಲಿನದನ್ನು ತೆರೆದೆ. ಫೈಲಿನ ಹೆಸರು ನಾನಿಟ್ಟದ್ದೇ, ಒಳಗಿದ್ದದ್ದು ಮಾತ್ರ ನಾನು ಶಿಗ್ಗಾಂವಿಯ ಮೇಜಿನಲ್ಲಿ ಬರೆದದ್ದು.

ಒಂದೇ ಡಿಸ್ಕು ಎರಡು ಪರದೆಗಳಿಗೆ ಎರಡು ಮಾತು ಹೇಳುತ್ತಿತ್ತು.

ಡಿಸ್ಕಿನ ಆರಂಭದಲ್ಲಿ ಒಂದು ಕೋಷ್ಟಕವಿರುತ್ತದೆ, ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ ಎಂದು. ಕೆಲಸ ಬೇಗ ಆಗಲೆಂದು ಕಂಪ್ಯೂಟರ್ ಅದರ ಒಂದು ಪ್ರತಿಯನ್ನು ತನ್ನ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಹಳೆಯ ಡಿಸ್ಕು ಮೂಲ ಸಾಫ್ಟ್‌ವೇರಿನ ಕೈಯಲ್ಲಿತ್ತು. ಆ ಪ್ರತಿ ಒಂದೇ ಇತ್ತು, ನಾಲ್ವರೂ ಅದರ ಮೂಲಕವೇ ಹೋಗಬೇಕಿತ್ತು. ಹೊಸ ಡಿಸ್ಕನ್ನು ನಾವು ನಾಲ್ಕು ಯಂತ್ರಗಳೊಳಗೆ ಬೇರೆ ಬೇರೆಯಾಗಿ ಜೋಡಿಸಿದ್ದೆವು. ಈಗ ನಾಲ್ಕು ಪ್ರತಿ. ಹಾನಗಲ್ಲಿನ ಯಂತ್ರ ಖಾಲಿಯೆಂದು ಕಂಡ ಜಾಗದಲ್ಲಿ ಬರೆಯುತ್ತಿತ್ತು, ಅದೇ ಜಾಗ ಶಿಗ್ಗಾಂವಿಗೂ ಖಾಲಿಯೆಂದೇ ಕಾಣುತ್ತಿತ್ತು, ಅದೂ ಬರೆಯುತ್ತಿತ್ತು. ಯಾವ ಲಾಟಿನ ಮೇಲೆ ಯಾವ ಲಾಟು ಕೂತಿದೆ ಎಂದು ತಿಳಿಯಲು ದಾರಿಯೇ ಇರಲಿಲ್ಲ. ಒಂದು ಚೀಟಿ ತಪ್ಪೆಂದು ಗೊತ್ತಾಗಿತ್ತು, ಅದೂ ಬೀಜ ಪರೀಕ್ಷಕರ ಕಣ್ಣಿಗೆ ಅಕಸ್ಮಾತ್ ಬಿದ್ದದ್ದರಿಂದ.

ವ್ಯವಸ್ಥಾಪಕರ ಕೋಣೆಯಲ್ಲಿ ಫೋನು. ಹುಬ್ಬಳ್ಳಿಯ ಲೈನು ಸಿಗುವವರೆಗೆ ಅವರು ನನ್ನ ಎದುರಿಗೇ ಕುಳಿತಿದ್ದರು. ಅಕ್ಕ ಬಾಗಿಲ ಹೊರಗೆ ಬೆಂಚಿನ ಮೇಲೆ. ಲೈನು ಸಿಕ್ಕಾಗ ನಡೆದದ್ದನ್ನು ಮುಖ್ಯಸ್ಥರಿಗೆ ಇಂಗ್ಲಿಷಿನಲ್ಲಿ ಹೇಳಿದೆ.

"ಇಲ್ಲೆ ಕೇಳು," ಎಂದರು ಅವರು. "ಈಗ ಏನೂ ಬಾಯಿ ಬಿಡಬ್ಯಾಡ. ಆಪರೇಟರ್ ಮಿಸ್ಟೇಕ್ ಅಂತ ಹೇಳು. ಒಂದ ಮೇಜಿನ ಮ್ಯಾಲ ಕೆಲಸ ನಡಸು, ಮುಂದಿನ ವಾರ ನಾನ ಬಂದು ಸರಿ ಮಾಡ್ತೀನಿ. ಇದು ಹೊರಗ ಬಿತ್ತಂದ್ರ ಈ ಜಿಲ್ಲಾದಾಗ ನಮ್ಮ ಮಶೀನ್ ಯಾರೂ ಕೊಳ್ಳೂದಿಲ್ಲ."

"ರೈತರು ಬಿತ್ತಿದ ಮ್ಯಾಲ ಏನು ಸರಿ ಮಾಡೂದು ಸರ್?"

"ಹೇಳಿದಷ್ಟು ಮಾಡು," ಎಂದರು. ಲೈನು ಕಡಿಯಿತು.

ರಿಸೀವರ್ ಇಟ್ಟೆ. ವ್ಯವಸ್ಥಾಪಕರು ಕೇಳಿದರು, "ಏನಂದ್ರು?"

ಹೊರಗೆ ರೈತರ ಮಾತು ಕೇಳಿಸುತ್ತಿತ್ತು, ಯಾರೋ ಎತ್ತಿಗೆ ಬಯ್ಯುತ್ತಿದ್ದರು. ಆ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿ ನನ್ನನ್ನು ಸೇರಿಸಿಕೊಂಡವರು ಇದೇ ಮುಖ್ಯಸ್ಥರು. ಹೆಣ್ಣುಮಗಳು ಊರೂರು ತಿರುಗಿ ಯಂತ್ರ ಬಿಚ್ಚುತ್ತಾಳೆಯೇ ಎಂದು ಉಳಿದವರು ನಕ್ಕಾಗ ನನ್ನ ಪರ ನಿಂತವರು. ಅವರ ಮಾತನ್ನು ನಾನು ಅದುವರೆಗೆ ಮೀರಿರಲಿಲ್ಲ. ಆದರೆ ಬಾಗಿಲಿನ ಸಂದಿಯಲ್ಲಿ ಅಕ್ಕನ ಮಡಿಲಲ್ಲಿ ಜೋಡಿಸಿಟ್ಟ ಎರಡು ಕೈ ಕಾಣುತ್ತಿದ್ದವು.

"ಅಕ್ಕ ತಪ್ಪು ಹೊಡದಿಲ್ಲರಿ," ಎಂದೆ. "ತಪ್ಪು ನಾವು ಡಿಸ್ಕ್ ಜೋಡಿಸಿದ್ದರಾಗ ಅದ. ಅದನ್ನ ಹಚ್ಚಿದ ಮ್ಯಾಲ ಬಂದ ಒಂದೂ ಚೀಟಿ ನಂಬಂಗಿಲ್ಲ."

ನಾಲ್ಕು ಪ್ರತಿಗಳ ವಿಷಯವನ್ನು ಬಿಡಿಸಿ ಹೇಳಿದೆ. ಅವರಿಗೆ ಬಹಳ ಬೇಗ ತಿಳಿಯಿತು.

"ಅಂದ್ರ, ಒಂದ ಹೊಲ ನಾಕ ಮಂದೀಗೆ ಗೇಣಿಗೆ ಕೊಟ್ಟಂಗಾತು. ಒಬ್ಬಾವ ಬಿತ್ತಿದ್ದನ್ನ ಇನ್ನೊಬ್ಬಾವ ರಂಟಿ ಹೊಡದು ಹೊಳ್ಳಿ ಬಿತ್ತಾಕತ್ತಾನ."

"ಹೌದ್ರಿ."

"ಎಲ್ಲಾ ಚೀಟಿ ಬಿಚ್ಚಬೇಕಂತೀರಿ?" ಅವರು ಎದ್ದುನಿಂತರು. "ಹೊರಗ ಮಂದಿ ನೋಡ್ರಿ. ಮಳಿ ಬಂದೈತಿ. ಹಸಿ ಆರಿದ್ರ ಬಿತ್ತಾಕ ಬರೂದಿಲ್ಲ. ಇವತ್ತ ಬೀಜ ಇಲ್ಲಂದ್ರ ನನ್ನ ಇಲ್ಲೇ ಹುಗೀತಾರ."

"ಮೊಳಕಿ ಒಡೀದ ಬೀಜ ಕೊಟ್ರ ಏನು ಮಾಡ್ತಾರ್ರಿ?"

ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ಕಿಟಕಿಯ ಕಡೆ ನೋಡಿದರು. ಆಮೇಲೆ ಬಾಗಿಲು ತೆರೆದು, ಬೆಂಚಿನ ಮೇಲಿದ್ದ ಅಕ್ಕನಿಗೆ, "ಒಳಗ ಬರ್ರಿ, ಕೆಲಸ ಐತಿ," ಎಂದರು. ಅಷ್ಟೇ. ಅಕ್ಕ ಕಣ್ಣೊರೆಸಿಕೊಂಡು ಒಳಗೆ ಬಂದರು.

ಲಾರಿಯದು ಮೊದಲ ಚಿಂತೆ. ತಿಳವಳ್ಳಿಯ ಮಳಿಗೆಗೆ ಫೋನ್ ಹಚ್ಚಿದರೆ ಲೈನು ಸಿಗಲೊಲ್ಲದು. ಬೀಜ ಪರೀಕ್ಷಕರು ಕಾಯಲಿಲ್ಲ. ತಮ್ಮ ಪರೀಕ್ಷೆಯ ಕಾರ್ಡುಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ಹಾನಗಲ್ಲಿನಾವು ಮೂರು ಫೇಲ್ ಲಾಟ್ ನನಗ ಬಾಯಿಪಾಠ ಅದಾವು," ಎಂದು ಸಂಘದ ಜೀಪಿನಲ್ಲಿ ಹೊರಟೇಬಿಟ್ಟರು.

ಇನ್ನು ನನ್ನ ಕೆಲಸ. ಯಂತ್ರ ಆರಿಸಿ, ಮುಚ್ಚಳ ತೆಗೆದು, ಹೊಸ ಡಿಸ್ಕಿನ ಪಟ್ಟಿ ತಂತಿಯನ್ನು ಕಿತ್ತು ಪಕ್ಕಕ್ಕಿಟ್ಟೆ. ಇನ್ನು ಯಾರು ಏನು ಒತ್ತಿದರೂ ಅದರ ಮೇಲೆ ಒಂದಕ್ಷರ ಬೀಳುವಂತಿರಲಿಲ್ಲ. ಹಳೆಯ ಡಿಸ್ಕಿನಲ್ಲಿ ಜೋಡಣೆಯ ಹಿಂದಿನ ದಿನದವರೆಗಿನ ಲೆಕ್ಕ ಹಾಗೇ ಇತ್ತು, ಆದರೆ ಹೊಸದಾಗಿ ಬರೆಯಲು ಜಾಗವಿರಲಿಲ್ಲ. ಹಿಂದಿನ ಹಂಗಾಮಿನ ಫೈಲುಗಳನ್ನು ಒಂದೊಂದಾಗಿ ಫ್ಲಾಪಿಗೆ ಇಳಿಸಿ, ಫ್ಲಾಪಿಯಿಂದ ಮತ್ತೆ ಓದಿ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಅಳಿಸಿದೆ. ಒಂದು ಫ್ಲಾಪಿಯನ್ನು ಯಂತ್ರ ಓದಲಿಲ್ಲ. ಅವಸರದಲ್ಲಿ ಖಾತ್ರಿ ಮಾಡದೆ ಅಳಿಸಿದ್ದರೆ ಅದೂ ಹೋಗುತ್ತಿತ್ತು. ಬೇಕೆಂದೇ ನಿಧಾನ ಮಾಡಿದೆ.

ವ್ಯವಸ್ಥಾಪಕರು ಹೊರಗೆ ಹೋಗಿ ರೈತರ ಮುಂದೆ ನಿಂತದ್ದು ಕಿಟಕಿಯಿಂದ ಕಂಡಿತು. "ಚೀಟಿ ತಪ್ಪ್ಯಾವ್ರೀ! ಸಂಜೀತನಾ ತಡೀರಿ!" ಎಂದು ಕೂಗಿದರು. ಗದ್ದಲವೆದ್ದಿತು. ಒಬ್ಬರು, "ಹ್ವಾದ ವರ್ಷ ಕೈಲೆ ಬರೀತಿದ್ರಿ, ಆವಾಗ ತಪ್ಪಿರಲಿಲ್ಲ," ಎಂದರು. ಅದಕ್ಕೆ ವ್ಯವಸ್ಥಾಪಕರು ಏನು ಹೇಳಿದರೋ ಕೇಳಿಸಲಿಲ್ಲ. ಒಳಗೆ ಬಂದಾಗ ಅವರ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಯಾರು ಕಿತ್ತರೆಂದು ನಾನು ಕೇಳಲಿಲ್ಲ.

ಕಾರ್ಡುಗಳನ್ನು ಸವಣೂರು ಮೇಜಿನವರು ಗಟ್ಟಿಯಾಗಿ ಓದಿದರು, ಅಕ್ಕ ಒಬ್ಬರೇ ಹೊಡೆದರು, ಹೊಡೆದದ್ದನ್ನು ನಾನು ಪರದೆಯಲ್ಲಿ ಓದಿ ಹೇಳಿದೆ. ಗೋದಾಮಿನಲ್ಲಿ ಹಮಾಲರು ಚೀಲಗಳ ಬಾಯಿಯಿಂದ ಹಳೆಯ ಚೀಟಿಗಳನ್ನು ಹರಿಯುತ್ತಿದ್ದರು. ಅಕ್ಕನ ಬೆರಳುಗಳು ಟೈಪ್‌ರೈಟರಿನ ಅಭ್ಯಾಸದಿಂದ ಕೀಲಿಗಳನ್ನು ಜೋರಾಗಿ ಕುಟ್ಟುತ್ತಿದ್ದವು. ಅವರು ಒಂದೇ ಒಂದು ಸಲ ನಿಲ್ಲಿಸಿ ನನ್ನನ್ನು ಕೇಳಿದರು, "ಈಗ ಇದು ಎಲ್ಲೆ ಹೊಂಟೈತಿ? ಖರೇನ ಕೂಡ್ತೈತಲ್ಲ?"

"ಕೂಡ್ತದಕ್ಕಾ. ಈಗ ಇಲ್ಲೆ ನೀವೊಬ್ಬರ ಇದ್ದೀರಿ."

ಸಂಜೆಯ ಹೊತ್ತಿಗೆ ಚೀಟಿಗಳು ಬರತೊಡಗಿದವು. ಅಷ್ಟೊತ್ತಿಗೆ ಜೀಪೂ ಬಂತು. ಹಾನಗಲ್ಲಿನ ಮೂರು ಫೇಲ್ ಲಾಟುಗಳಲ್ಲಿ ಒಂದು ಲಾರಿಯಲ್ಲಿ ಹೋಗಿತ್ತು. ಬೀಜ ಪರೀಕ್ಷಕರು ತಿಳವಳ್ಳಿ ಮುಟ್ಟುವಷ್ಟರಲ್ಲಿ ಅದರ ಒಂದೆರಡು ಚೀಲ ಮಳಿಗೆಯಿಂದ ಹೊರಟುಹೋಗಿದ್ದವು. ಕೇಳಿಕೊಂಡು ಹೊಲಕ್ಕೇ ಹೋದರಂತೆ. ಗೋವಿನಜೋಳದ ಬೀಜ, ರೈತರು ಕೂರಿಗೆ ಕಟ್ಟಿ ನಿಲ್ಲಿಸಿದ್ದರಂತೆ, ಇನ್ನೂ ಬಿತ್ತಿರಲಿಲ್ಲವಂತೆ. ಅವರ ಧೋತರದ ಅಂಚು ಮೊಳಕಾಲಿನವರೆಗೆ ಕೆಸರಾಗಿತ್ತು. ಮರಳಿ ತಂದ ಚೀಲಗಳನ್ನು ಹಮಾಲರು ಇಳಿಸುವಾಗ ಅವರು ಅಕ್ಕನ ಮೇಜಿನ ಮುಂದೆ ಬಂದು ನಿಂತರು.

"ಮುಂಜಾನೆ ನಾ ದನಿ ಏರಿಸಬಾರದಿತ್ರಿ," ಎಂದರು.

ಅಕ್ಕ ತಲೆ ಎತ್ತದೆ, "ಮುಂದಿನ ಕಾರ್ಡ್ ಹೇಳ್ರಿ," ಎಂದರು.

ಮುಂದಿನ ದಿನಗಳಲ್ಲಿ ಹೊಸ ಡಿಸ್ಕನ್ನು ಖಾಲಿ ಮಾಡಿ ಅದರಲ್ಲಿ ನಾಲ್ಕು ಭಾಗ ಮಾಡಿದೆ. ಪ್ರತಿ ವರ್ಚುವಲ್ ಮಶೀನಿಗೆ ಒಂದು ಭಾಗ, ಅದಕ್ಕೆ ತನ್ನದೇ ಕೋಷ್ಟಕ. ಹಾನಗಲ್ಲಿನವರಿಗೆ ಶಿಗ್ಗಾಂವಿಯದು ಕಾಣುವುದೇ ಇಲ್ಲ. ಎಲ್ಲರೂ ಎಲ್ಲವನ್ನೂ ನೋಡಬಹುದೆಂದು ನಾವು ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ನಾಲ್ಕರ ಲೆಕ್ಕವನ್ನೂ ಒಂದೆಡೆ ನೋಡಬೇಕಾದಾಗ ಉಳಿದ ಮೂರು ಮೇಜು ಮುಚ್ಚಿ ಒಬ್ಬರೇ ಕೂಡಿಸಬೇಕಿತ್ತು. ಇದನ್ನು ವ್ಯವಸ್ಥಾಪಕರ ಎದುರಿಗೇ ಬರೆದು ಸಹಿ ಹಾಕಿದೆ. ಮುಖ್ಯಸ್ಥರು ಬಂದವರು ಎಲ್ಲವನ್ನೂ ಪರೀಕ್ಷಿಸಿ ನೋಡಿದರು. ಸರಿಯಾಗಿಯೇ ನಡೆಯುತ್ತಿತ್ತು. ನನ್ನ ಜೊತೆ ಮಾತ್ರ ಮಾತಾಡಲಿಲ್ಲ. ಆ ಮೌನ ಮುಂದೆ ಎಷ್ಟೋ ತಿಂಗಳು ನಡೆಯಿತು. ನನಗೆ ಅದು ಬಹಳ ಕಷ್ಟವಾಗಿತ್ತು, ಈಗಲೂ ಸುಳ್ಳು ಹೇಳಲಾರೆ. ಅಕ್ಕನನ್ನು ಕಾಯಂ ಮಾಡಿದರೆಂದು ಆ ಮಳೆಗಾಲದಲ್ಲೇ ಸುದ್ದಿ ಬಂತು.

ಹಿರೇಕೆರೂರಿನ ಕೆಲಸ ಮುಗಿಸಿದ ದಿನ ನಾನು ಊರಿಗೆ ಹೊರಟದ್ದು ಹಾನಗಲ್ಲ ಬಸ್ಸಿನಲ್ಲಿ. ತಿಳವಳ್ಳಿಯಲ್ಲಿ ಒಬ್ಬ ವಯಸ್ಸಾದ ರೈತ ಹತ್ತಿ ನನ್ನ ಪಕ್ಕ ಕುಳಿತರು, ಕಾಲ ಬುಡದಲ್ಲಿ ಬೀಜದ ಚೀಲ. ಸ್ವಲ್ಪ ದೂರ ಹೋದ ಮೇಲೆ ಅವರು ಬಗ್ಗಿ ಚೀಟಿಯನ್ನು ನೇರ ಮಾಡಿ ನನ್ನ ಕಡೆ ತಿರುಗಿಸಿದರು.

"ಅಕ್ಕಾರ, ಸಾಲಿ ಕಲ್ತಾವ್ರು ಕಾಣ್ತೀರಿ. ಇದರಾಗ ಏನು ಬರದಾರ, ಒಂಚೂರು ಓದಿ ಹೇಳ್ರಿ."

ಓದಿ ಹೇಳಿದೆ. ಲಾಟ್ ನಂಬರು, ತೇವಾಂಶ, ನೂರಕ್ಕೆ ಎಷ್ಟು ಮೊಳಕೆ.

"ಹಂಗಂದ್ರ? ನಂಬಿ ಬಿತ್ತಬೌದೇನ್ರಿ?"

ನಾನು ಚೀಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದೆ. ಬಸ್ಸು ಕುಲುಕುತ್ತಿತ್ತು, ಅಂಕಿಗಳು ನಿಲ್ಲುತ್ತಿರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ಕಾದರು.

"ಬಿತ್ರಿ ಯಜಮಾನ್ರ," ಎಂದೆ.

ಅವರು ತಲೆಯಾಡಿಸಿ, ಚೀಟಿಯನ್ನು ಒದ್ದೆಯಾಗದಂತೆ ಚೀಲದ ಮಡಿಕೆಯೊಳಗೆ ತುರುಕಿ, ಮುಂದಿನ ನಿಲುಗಡೆಯಲ್ಲಿ ಚೀಲ ಹೆಗಲಿಗೇರಿಸಿಕೊಂಡು ಇಳಿದು, ತಮ್ಮ ಹೊಲದ ದಾರಿ ಹಿಡಿದರು.